ಕೋಟಿ ಚುಕ್ಕೆಗಳ ನಡುವೆ ಬಣವಿ ಸಾಲು

ಯಾವ ಚುಕ್ಕೆಯನ್ನು ಕೈಬಿಡಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಕೇಳಿದವರಿಗೆ ನಾನು ಹೀಗೆ ಹೇಳುವುದಿಲ್ಲ. ‘ಕಂಪ್ಯೂಟರಿನಲ್ಲಿ ನಕ್ಷೆ ಮಾಡುತ್ತೇನೆ’ ಎಂದು ಹೇಳಿ ಸುಮ್ಮನಾಗುತ್ತೇನೆ. ಆದರೆ ನಕ್ಷೆ ಮಾಡುವುದೆಂದರೆ ಇದ್ದದ್ದರಲ್ಲಿ ಬಹುಪಾಲನ್ನು ಬಿಡುವುದು ಎಂಬುದು, ಎಂ.ಎಸ್ಸಿ. ಮುಗಿಸಿ ಗದುಗಿನ ಕಾಲೇಜೊಂದರಲ್ಲಿ ಯೋಜನಾ ಸಹಾಯಕಿಯಾಗಿ ಸೇರಿದ ಮೊದಲ ತಿಂಗಳಲ್ಲೇ ನನಗೆ ತಿಳಿಯಿತು.

ಯೋಜನೆ ತುಂಗಭದ್ರೆಯದು. ಮೇಲಿನ ಜಲಾಶಯದಿಂದ ನೀರು ಬಿಟ್ಟಾಗ ಮುಂಡರಗಿ ತಾಲ್ಲೂಕಿನ ದಂಡೆಯ ಊರುಗಳಲ್ಲಿ ಯಾವ ಓಣಿಗೆ ಎಷ್ಟು ನೀರು ಬರಬಹುದು ಎಂದು ಲೆಕ್ಕ ಹಾಕಬೇಕು, ಅದನ್ನು ಊರವರಿಗೆ ಅರ್ಥವಾಗುವ ಚಿತ್ರವಾಗಿ ತೋರಿಸಬೇಕು. ಮೊದಲ ಊರು ಕೊರ್ಲಹಳ್ಳಿ. ಅಲ್ಲಿ ಎರಡು ಟ್ರ್ಯಾಕ್ಟರುಗಳಿದ್ದವು. ನೀರು ಏರುವಾಗ ಮೊದಲ ಸರದಿಯಲ್ಲಿ ಯಾವ ಮನೆಯವರನ್ನು ಮೇಲಿನ ಶಾಲೆಗೆ ಸಾಗಿಸಬೇಕು, ಯಾರನ್ನು ಆಮೇಲೆ ಎಂಬ ಪಟ್ಟಿ ನನ್ನ ನಕ್ಷೆಯನ್ನು ನೋಡಿ ಆಗುವುದಿತ್ತು.

ಹಿಂದಿನ ವರ್ಷ ಬಿಳಿಜೋಳದ ಕೊಯ್ಲು ಮುಗಿದ ಮೇಲೆ ಡ್ರೋನೊಂದು ಆ ಊರಿನ ಮೇಲೆ ಹಾರಿ ಲೇಸರ್ ಬೆಳಕು ಬಿಟ್ಟಿತ್ತು. ಬೆಳಕು ಎಲ್ಲಿ ತಾಗಿ ಮರಳಿತೋ ಅಲ್ಲೊಂದು ಚುಕ್ಕೆ. ಪ್ರತಿ ಚುಕ್ಕೆಗೂ ಮೂರು ಅಂಕಿ: ಎಷ್ಟು ಪೂರ್ವಕ್ಕೆ, ಎಷ್ಟು ಉತ್ತರಕ್ಕೆ, ಎಷ್ಟು ಎತ್ತರಕ್ಕೆ. ಇಂಥ ಚುಕ್ಕೆಗಳು ಕೋಟಿಗಟ್ಟಲೆ. ಅವುಗಳ ಮೇಲೆ ನೀರು ಹರಿಸಿ ನೋಡುವ ಲೆಕ್ಕ ಬೇರೆ. ದಂಡೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ, ಪ್ರತಿ ಚೌಕದಲ್ಲಿ ಪ್ರತಿ ನಿಮಿಷ ನೀರಿನ ಆಳ, ವೇಗ, ದಿಕ್ಕು ಬರೆದಿಡಬೇಕು. ಒಂದು ಸಲ ಲೆಕ್ಕ ಮುಗಿದರೆ ಹಾರ್ಡ್‌ಡಿಸ್ಕ್ ತುಂಬುತ್ತಿತ್ತು.

ಇಷ್ಟನ್ನೂ ಒಂದೇ ಸಲ ತೋರಿಸುವ ಪರದೆ ಇಲ್ಲ. ಇದ್ದರೂ ಪ್ರಯೋಜನವಿಲ್ಲ, ಒಂದರ ಮೇಲೊಂದು ಚುಕ್ಕೆ ಬಿದ್ದು ಬರೀ ರಾಡಿ ಕಾಣುತ್ತದೆ. ಅದಕ್ಕೆ ಊರನ್ನು ತುಂಡು ತುಂಡಾಗಿ ಮಾಡಿ, ಪ್ರತಿ ತುಂಡನ್ನೂ ನಾಲ್ಕೈದು ಹದದಲ್ಲಿ ಇಟ್ಟುಕೊಳ್ಳುತ್ತೇವೆ. ದೂರದಿಂದ ನೋಡುವಾಗ ಒರಟು ಚಿತ್ರ, ಹತ್ತಿರ ಹೋದಂತೆ ನುಣುಪು ಚಿತ್ರ. ಮುಂಡರಗಿ ಬಸ್ಸಿನ ಕಿಟಕಿಯಿಂದ ಕಪ್ಪತಗುಡ್ಡ ನೋಡುವವರಿಗೆ ಗುಡ್ಡದ ಗೆರೆ ಸಾಕು. ಗಿಡ ಬೇಕಾದವರು ಇಳಿದು ಹೋಗಬೇಕು. ಪರದೆಯ ಮೇಲೆ ಹಾಗೆ ಇಳಿದು ಹೋಗುವ ವ್ಯವಸ್ಥೆಯನ್ನು ಕಟ್ಟುವುದರಲ್ಲಿ ನನಗೆ ಒಳ್ಳೆಯ ಕೈಯಿತ್ತು. ಇದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗವಿದೆ. ಅಪ್ಪ ನೇಯುತ್ತಾನೆ. ಒಂದು ಸಂಜೆ ಲ್ಯಾಪ್‌ಟಾಪಿನಲ್ಲಿ ಹೊಳೆ ಹರಿಯುವುದನ್ನು ಅವನಿಗೆ ತೋರಿಸಿದೆ. ನೀರಿನ ಪ್ರತಿ ಚೌಕದಿಂದ ಒಂದು ಸಣ್ಣ ಬಿಳಿ ಗೆರೆ ಹೊರಟು, ವೇಗವಿದ್ದಲ್ಲಿ ಉದ್ದವಾಗಿ, ನಿಂತಲ್ಲಿ ಗಿಡ್ಡವಾಗಿ, ಸುಳಿಯಲ್ಲಿ ತಿರುಗುತ್ತಿತ್ತು.

“ಇಷ್ಟ್ ಎಳಿ ನೀನ ಒಂದೊಂದ ಎಳದೀಯೇನು?” ಎಂದ ಅಪ್ಪ.

“ಇಲ್ಲಪ್ಪಾ. ಹೆಂಗ ಎಳೀಬೇಕಂತ ಒಂದ್ ಸರ್ತಿ ಹೇಳೇನಿ. ಮಶಿನ್ ಎಳೀತೈತಿ.”

“ಹಂಗಾರ ಒಂದ್ ಕಡೆ ತಪ್ಪಿ ಹೇಳಿದ್ರ ಎಲ್ಲಾ ಕಡೆನೂ ತಪ್ಪತೈತಿ,” ಎಂದು ಎದ್ದು ಹೋದ. ಅವನು ನನ್ನನ್ನು ಹೊಗಳುವುದು ಹೀಗೆಯೇ ಎಂದುಕೊಂಡೆ.

ಊರಿನ ಮನೆಮನೆಗೂ ಒಂದೊಂದು ಹಾಳೆ ಕೊಡುವುದೆಂದು ಯೋಜನೆಯ ಮುಖ್ಯಸ್ಥರಾದ ನಮ್ಮ ಸರ್ ತೀರ್ಮಾನಿಸಿದ್ದರು. ಮೇ ತಿಂಗಳಲ್ಲಿ ನಾನು ಗದುಗಿನ ಹಳೆಯ ಮುದ್ರಣಾಲಯವೊಂದಕ್ಕೆ ನಕ್ಷೆ ಒಯ್ದೆ. ಮಶಿನ್ ನಡೆಸುವ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ನನ್ನ ನಕ್ಷೆ ಬಣ್ಣಬಣ್ಣದ್ದು. ಆಳ ನೀರಿಗೆ ಕೆಂಪು, ನಡುವಿನದಕ್ಕೆ ಹಳದಿ, ಹಸಿರು, ನೀರಿಲ್ಲದ ಕಡೆ ನೀಲಿ. ನಾನು ನೋಡಿದ ಚಿತ್ರಗಳೆಲ್ಲ ಹಾಗೆಯೇ ಇದ್ದವು, ನಾನೂ ಹಾಗೆಯೇ ಮಾಡಿದ್ದೆ.

ಚಾಚಾ ಕನ್ನಡಕ ಹಣೆಗೇರಿಸಿ ನೋಡಿದರು. “ಬೇಟಿ, ಇದನ್ನ ಒಂದ ಮಸಿಯೊಳಗ ಹೊಡಿ ಅಂದೀರಲ್ಲ?”

“ಹೌದ್ರಿ ಚಾಚಾ. ಕರಿ ಮಸಿ ಒಂದ.”

“ತಡೀರಿ. ಒಂದ್ ಹಾಳಿ ತೆಗದ ಕೊಡ್ತೀನಿ. ಆಮ್ಯಾಲ ನೀವು ಹೂಂ ಅಂದ್ರ ಹೂಂ.”

ತೆಗೆದುಕೊಟ್ಟ ಹಾಳೆಯಲ್ಲಿ ನೀಲಿ ಗಾಢ ಬೂದಿಯಾಗಿತ್ತು, ಕೆಂಪೂ ಹೆಚ್ಚುಕಡಿಮೆ ಅಷ್ಟೇ ಬೂದಿಯಾಗಿತ್ತು. ಹಳದಿ ಇದ್ದಲ್ಲಿ ಬೆಳ್ಳಗೆ. ಮುಳುಗುವ ಮನೆ ಯಾವುದು, ಒಣಗಿರುವ ಮನೆ ಯಾವುದು ಎಂಬುದು ನನಗೇ ಹೇಳಲು ಬರುವಂತಿರಲಿಲ್ಲ.

“ಲಗ್ನಪತ್ರಿಕಿ ಆದ್ರ ನಡೀತೈತಿ,” ಎಂದರು ಚಾಚಾ. “ವರ ಯಾವಾಂವ, ವಧು ಯಾವಾಕಿ ಅಂತ ಹೆಸರು ಬರದಿರತೀವಿ. ಇದರಾಗ ಏನ್ ನೋಡಿ ತಿಳಕೋಬೇಕು?”

ಅವರು ಇನ್ನೊಂದು ಮಾತೂ ಹೇಳಿದರು. ತಮ್ಮ ಮಶಿನ್ನಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಐದು ಛಾಯೆಗಳು ಚೆನ್ನಾಗಿ ಬೇರೆ ಕಾಣುತ್ತವೆ, ಆರನೆಯದನ್ನು ಸೇರಿಸಿದರೆ ಪಕ್ಕದ್ದರೊಂದಿಗೆ ಬೆರೆಯುತ್ತದೆ. ನಾನು ಮನೆಗೆ ಬಂದು ಎಲ್ಲ ಬಣ್ಣಗಳನ್ನೂ ತೆಗೆದೆ. ನೀರಿಲ್ಲದ್ದು ಬಿಳಿ. ಪಾದದವರೆಗೆ ಬರುವ ನೀರು ತಿಳಿ ಬೂದಿ, ಮೊಣಕಾಲು, ಸೊಂಟ, ಆಮೇಲೆ ಕಪ್ಪು. ಮೀಟರಿನ ಅಂಕಿ ತೆಗೆದು ಅಂಚಿನಲ್ಲಿ ಒಬ್ಬ ಹೆಂಗಸಿನ ಆಕೃತಿ ಬರೆದು, ಅವಳ ಮೈಮೇಲೆ ಅದೇ ಛಾಯೆಗಳನ್ನು ಹಚ್ಚಿದೆ. ನೆಲದ ಏರಿಳಿತ ತಿಳಿಯಲೆಂದು ವಾಯವ್ಯದಿಂದ ಬೆಳಕು ಬಿದ್ದಂತೆ ಸಣ್ಣ ನೆರಳು ಕೊಟ್ಟೆ. ಎತ್ತರದ ತಿಟ್ಟುಗಳು ಕಾಗದದಿಂದ ಎದ್ದು ನಿಂತವು. ಚಾಚಾ ಎರಡನೇ ಹಾಳೆಯನ್ನು ಮಶಿನ್ನಿನ ಬಾಯಿಂದ ಎಳೆದು, “ಈಗ ನನ್ನಂಥಾವಗೂ ತಿಳೀತು ನೋಡ್ರಿ,” ಎಂದರು. ಆ ಹಾಳೆ ಇನ್ನೂ ನನ್ನ ಬಳಿ ಇದೆ. ಅಷ್ಟು ಅಂದದ ನಕ್ಷೆಯನ್ನು ನಾನು ಆಮೇಲೆ ಮಾಡಿಲ್ಲ. ಅದು ತಪ್ಪು ನಕ್ಷೆ.

ಜೂನ್ ಮೊದಲ ವಾರ ಹಾಳೆಗಳ ಕಟ್ಟು, ಲ್ಯಾಪ್‌ಟಾಪು, ಪ್ರೊಜೆಕ್ಟರು ಹೊತ್ತು ಕೊರ್ಲಹಳ್ಳಿಗೆ ಹೋದೆ. ಸರ್‌ಗೆ ಬೇರೆ ಸಭೆಯಿತ್ತು, ಒಬ್ಬಳೇ ಹೋದೆ. ಅದಕ್ಕೆ ಮೊದಲು ಆ ಊರನ್ನು ನಾನು ಕಂಡಿರಲಿಲ್ಲ. ಆದರೂ ಬಸ್ಸಿಳಿದು ಶಾಲೆಗೆ ಹೋಗುವ ದಾರಿಯನ್ನು ಯಾರನ್ನೂ ಕೇಳಲಿಲ್ಲ. ಪರದೆಯ ಮೇಲೆ ಒಂದು ವರ್ಷ ಆ ಓಣಿಗಳಲ್ಲಿ ಮೇಲೆ ಕೆಳಗೆ ತಿರುಗಿದ್ದೆ. ಬಾವಿಯ ಬಳಿ ಎಡಕ್ಕೆ, ಎರಡು ಬೇವಿನ ಗಿಡದ ನಡುವೆ ಬಲಕ್ಕೆ. ಎಲ್ಲವೂ ಇರಬೇಕಾದಲ್ಲೇ ಇತ್ತು.

ಶಾಲೆಯ ಕೋಣೆಯ ಕಿಟಕಿಗಳಿಗೆ ಚಾಪೆ ಕಟ್ಟಿ ಕತ್ತಲೆ ಮಾಡಿದರು. ಗೋಡೆಯ ಮೇಲೆ ಹೊಳೆ ಬಂತು. ಮೊದಲು ತನ್ನ ಪಾತ್ರದಲ್ಲಿ, ಆಮೇಲೆ ಏರುತ್ತ, ದಂಡೆ ದಾಟಿ, ಕೆಳಗಿನ ಓಣಿಗಳಿಗೆ ನುಗ್ಗುತ್ತ. ಜನ ತಮ್ಮ ಮನೆ ಹುಡುಕಿದರು.

“ಲೇ, ನಿನ್ನ ಕೊಟ್ಟಗಿ ಹೋತ ನೋಡಲೇ!”

“ಹೋಗ್ಲಿ ಬಿಡು, ಅದರ ತಗಡ ನಿಂದ ಐತಿ.”

“ತಂಗೀ, ಹೊಳಿ ಅಲ್ಲಿ ಹಿಂಗ ಕುಣಿಯಂಗಿಲ್ಲ. ಅಲ್ಲಿ ಬಂಡಿ ಐತಿ, ಅದಕ್ಕ ಬಡದು ಈ ಕಡೆ ಹೊಳ್ಳತೈತಿ.”

ಇದನ್ನು ಹೇಳಿದ ಮುದುಕರಿಗೆ ಅದೇ ಜಾಗವನ್ನು ಹತ್ತಿರ ತಂದು ತೋರಿಸಿದೆ. ಬಿಳಿ ಗೆರೆಗಳು ಬಂಡೆಗೆ ಬಡಿದು ಅವರು ಹೇಳಿದ ಕಡೆಗೇ ಹೊರಳುತ್ತಿದ್ದವು. “ಹಾಂ, ಹಂಗ ಬಾ,” ಎಂದು ಅವರು ಹೊಳೆಗೇ ಹೇಳಿದರು. ಕೋಣೆಯೆಲ್ಲ ನಕ್ಕಿತು. ನಾನು ನಗಲಿಲ್ಲ, ಆದರೆ ಹಿಗ್ಗಿದ್ದೆ.

ಹಾಳೆ ಹಂಚಿದ ಮೇಲೆ ಪಂಚಾಯ್ತಿಯ ಮೆಂಬರೊಬ್ಬರು ಟ್ರ್ಯಾಕ್ಟರಿನ ಪಟ್ಟಿ ಬರೆಯಲು ಕುಳಿತರು. ಕಪ್ಪು, ಸೊಂಟ, ಮೊಣಕಾಲು, ಈ ಮೂರು ಛಾಯೆಯ ಮನೆಗಳು ಮೊದಲ ಸರದಿ. ಉಳಿದವರು ನೀರು ನೋಡಿಕೊಂಡು ಆಮೇಲೆ. ಅರ್ಧ ಪಟ್ಟಿಯಾಗಿತ್ತು, ಹೆಂಗಸರ ಸಾಲಿನ ಹಿಂದಿನಿಂದ ಒಬ್ಬಾಕೆ ಎದ್ದು ನಿಂತಳು. ನಲವತ್ತು ದಾಟಿದ ವಯಸ್ಸು, ಸೆರಗು ಬಿಗಿದು ಸಿಕ್ಕಿಸಿದ್ದಳು, ಕೈಯಲ್ಲಿ ಹಾಳೆ.

“ಮೆಂಬರ ಸಾಹೇಬ್ರ, ನಮ್ಮ ಓಣಿ ಬೆಳ್ಳಗ ಐತಲ್ರಿ ಇದರಾಗ?”

“ಬೆಳ್ಳಗ ಅಂದ್ರ ನೀರ ಬರಂಗಿಲ್ಲಂತ. ಚಲೋ ಆತಲ್ಲಬೇ, ಕುಂಡ್ರು.”

“ಏನ್ ಚಲೋ ಆತು? ಹ್ವಾದ ವರ್ಷ ನಮ್ಮ ಹಿತ್ತಲಕ್ಕ ನೀರು ಬಂದಿದ್ದಿಲ್ಲೇನು?”

“ಅದು ಮಳಿ ನೀರು. ಹೊಳಿ ನೀರಲ್ಲ.”

“ಮಳಿ ನೀರಿನ್ಯಾಗ ಮೀನ ಇರತಾವೇನ್ರಿ? ನಮ್ಮ ಅತ್ತಿ ಟೊಂಕ ಮುರಕೊಂಡು ಹೊರಸಿನ ಮ್ಯಾಲ ಬಿದ್ದಾಳ. ಮೊದಲನೇ ಟ್ರ್ಯಾಕ್ಟರನ್ಯಾಗ ಹೆಸರ ಬರೀರಿ ಅಂದ್ರ, ನೀವು ಹಾಳಿ ನೋಡಿ ಬೆಳ್ಳಗ ಐತಿ ಅಂತೀರಿ. ಎರಡನೇ ಸರ್ತಿ ಟ್ರ್ಯಾಕ್ಟರ್ ಬರೂಮಟ ಅಕಿನ್ನ ನಾ ಒಬ್ಬಾಕಿ ಹೊತ್ಗೊಂಡು ನಿಂದರಲೇನು?”

ಮೆಂಬರು ನನ್ನ ಕಡೆ ಕೈ ತೋರಿಸಿದರು. “ನಾ ಹೇಳಿಲ್ಲವ್ವಾ, ಕಂಪ್ಯೂಟರ್ ಹೇಳೈತಿ. ಅಲ್ಲಿ ಕುಂತಾರ ನೋಡು, ಅವರನ್ನ ಕೇಳು.”

ಎಲ್ಲರೂ ನನ್ನನ್ನು ನೋಡಿದರು. ಆ ಓಣಿಯ ತುಂಡು ನನಗೆ ಚೆನ್ನಾಗಿ ನೆನಪಿತ್ತು. ಅದರ ಹಿಂಬದಿಗೆ, ಹೊಳೆಯ ಕಡೆಗೆ, ಆಳೆತ್ತರದ ಉದ್ದನೆಯ ದಿಬ್ಬವಿತ್ತು. ನೀರು ಅದಕ್ಕೆ ತಾಗಿ ಎರಡೂ ಬದಿಗೆ ಸರಿಯುತ್ತಿತ್ತು. ನಕ್ಷೆಯಲ್ಲಿ ನೆರಳು ಎಲ್ಲಕ್ಕಿಂತ ಅಂದವಾಗಿ ಬಿದ್ದದ್ದು ಅಲ್ಲಿಯೇ.

“ನಿಮ್ಮ ಹಿತ್ತಲದ ಹಿಂದ ದಿಬ್ಬ ಐತಲ್ರಿ ಅಕ್ಕಾರ,” ಎಂದೆ. “ಅದು ನೀರನ್ನ ತಡೀತೈತಿ.”

“ದಿಬ್ಬಾ?” ಆಕೆ ಪಕ್ಕದವಳ ಮುಖ ನೋಡಿದಳು. “ನಮ್ಮ ಹಿತ್ತಲದಾಗ? ಮೂವತ್ತ್ ವರ್ಷ ಆತು ನಾ ಈ ಊರಿಗೆ ಸೊಸಿಯಾಗಿ ನಡಿಯಾಕ ಬಂದು. ಯಾವ ದಿಬ್ಬನೂ ನಾ ನೋಡಿಲ್ಲ. ಬಾ ಯವ್ವಾ, ನೀನ ತೋರಸು ಬಾ.”

ಹೋದೆ. ಓಣಿಯ ಕೊನೆಯ ಮನೆ ಅವಳದು. ಮುಂಬಾಗಿಲಿಗೆ ನಾಲ್ಕು ಕಲ್ಲಿನ ಮೆಟ್ಟಿಲು. ಒಳಗೆ ಹೊರಸಿನ ಮೇಲಿದ್ದ ಅತ್ತೆ, “ಯಾರಬೇ ಅದು?” ಎಂದು ಕೇಳಿದರು. “ಹೊಳಿ ಸಿನಿಮಾ ತಂದಾರಲ್ಲ, ಆ ಬಾಯಾರು,” ಎನ್ನುತ್ತಲೇ ಸೊಸೆ ಹಿತ್ತಲ ಬಾಗಿಲು ತೆರೆದಳು.

ಹಿತ್ತಲಾಚೆ ಸಪಾಟು ನೆಲ. ಹೊಳೆಯವರೆಗೂ ಸಪಾಟು, ಹೊಳೆಯ ಕಡೆಗೆ ತುಸು ಇಳಿಜಾರು. ನಾನು ನಿಂತಲ್ಲೇ ತಿರುಗಿ ದಿಕ್ಕು ಸರಿಮಾಡಿಕೊಂಡೆ. ಬಾವಿ ಎಡಕ್ಕಿತ್ತು, ಬೇವಿನ ಗಿಡ ಹಿಂದಿತ್ತು. ಜಾಗ ಇದೇ. ದಿಬ್ಬ ಮಾತ್ರ ಇರಲಿಲ್ಲ. ನೆಲದ ಮೇಲೆ ಒಂದು ಉದ್ದನೆಯ ಪಟ್ಟಿಯಲ್ಲಿ ಹುಲ್ಲು ಹುಟ್ಟಿರಲಿಲ್ಲ. ಮಣ್ಣಿನಲ್ಲಿ ಕೊಳೆತ ಜೋಳದ ದಂಟಿನ ಚೂರುಗಳು ಸಿಕ್ಕಿಕೊಂಡಿದ್ದವು.

“ಇಲ್ಲಿ ಏನಿತ್ರಿ?” ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

“ಬಣವಿ,” ಎಂದಳು. “ನಮ್ಮ ಓಣ್ಯಾಗಿನ ಎಂಟ್ ಮನ್ಯಾರೂ ಇಲ್ಲೇ ಸಾಲಾಗಿ ಒಟ್ಟಿದ್ವಿ, ಒಂದಕ್ಕೊಂದು ಹಚ್ಚಿ. ಆ ಹಾರೂ ಮಶಿನ್ ಬಂದಾಗ ಹೊಸಾವ ಇದ್ವು. ಮಳಿಗಾಲದಾಗ ನೀರ್ ಬಂದು ತಳದ ಕಣಿಕಿ ಎಲ್ಲಾ ಕೊಳೀತು. ಅದಕ್ಕ ಈ ವರ್ಷ ಮ್ಯಾಲೆ ರಸ್ತಾದ ಕಡೆ ಒಟ್ಟೇವಿ.” ಆಮೇಲೆ ಅವಳಿಗೂ ಹೊಳೆಯಿತು. ಬಾಯಿಗೆ ಸೆರಗು ಹಿಡಿದಳು. “ಯವ್ವಾ, ಅದನ್ನ ದಿಬ್ಬ ಅಂದೀಯೇನ? ನಿನ್ನ ದಿಬ್ಬ ಈಗ ನಮ್ಮ ಎಮ್ಮಿ ಹೊಟ್ಟ್ಯಾಗ ಐತವ್ವಾ!”

ಅಡರಕಟ್ಟಿಯಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಬೇಸಿಗೆ ರಜೆಯ ಮಧ್ಯಾಹ್ನಗಳನ್ನು ಅವರ ಜೋಳದ ದಂಟಿನ ಬಣವಿಯ ನೆರಳಿನಲ್ಲಿ ಕಳೆದು ಬೆಳೆದವಳು ನಾನು. ಬಣವಿ ಎಷ್ಟೆತ್ತರ ಇರುತ್ತದೆ, ಯಾವ ತಿಂಗಳಲ್ಲಿ ಏಳುತ್ತದೆ, ಯಾವಾಗ ಕರಗುತ್ತದೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಡ್ರೋನು ಹಾರಿದ ತಿಂಗಳು ಕಡತದ ಮೊದಲ ಸಾಲಿನಲ್ಲೇ ಇತ್ತು.

ಆ ಹೆಂಗಸಿನ ಮನೆಯ ಕಟ್ಟೆಯ ಮೇಲೆ ಕುಳಿತು ಲ್ಯಾಪ್‌ಟಾಪು ತೆರೆದೆ. ನಯಗೊಳಿಸಿದ ಮೇಲ್ಮೈಯನ್ನು ಬದಿಗಿಟ್ಟು, ಆ ಒಂದು ಓಣಿಯ ಮೂಲ ಚುಕ್ಕೆಗಳನ್ನು, ಒಂದನ್ನೂ ಬಿಡದೆ, ತೆರೆದೆ. ಮಶಿನ್ ಬಹಳ ಹೊತ್ತು ಒದ್ದಾಡಿತು. ಆಮೇಲೆ ಕಾಣಿಸಿತು. ಎಂಟು ಬಣವಿಗಳು, ಬುಡ ಅಗಲ, ತಲೆ ಚೂಪು, ನಡುನಡುವೆ ಒಬ್ಬರು ತೂರಬಹುದಾದ ಸಂದು. ಚುಕ್ಕೆಗಳಲ್ಲಿ ಎಲ್ಲವೂ ಇತ್ತು. ಮನೆಗಳ ಗಡಿ ಬೇರೊಂದು ನಕ್ಷೆಯಿಂದ ಸಿಕ್ಕಿದ್ದರಿಂದ ಅವನ್ನು ಬೇರೆ ಮಾಡಿದ್ದೆ. ಗಿಡಗಳನ್ನು ತಂತ್ರಾಂಶವೇ ಗುರುತಿಸಿ ತೆಗೆದಿತ್ತು. ಬಣವಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ನನ್ನ ಯಂತ್ರಕ್ಕೆ ಭಾರವಾಗದಿರಲಿ ಎಂದು ನಾನು ಅಕ್ಕಪಕ್ಕದ ಚುಕ್ಕೆಗಳ ಸರಾಸರಿ ತೆಗೆದಾಗ ಸಂದುಗಳು ಮುಚ್ಚಿಕೊಂಡು, ಚೂಪು ತಲೆಗಳು ಇಳಿದು, ಎಂಟು ಬಣವಿ ಸೇರಿ ಒಂದು ನುಣುಪಾದ ಮಣ್ಣಿನ ದಿಬ್ಬವಾಗಿದ್ದವು. ಮೇಲಿನಿಂದ ನೆರಳು ಬೇರೆ ಕೊಟ್ಟಿದ್ದೆ.

ಆಕೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

“ಇದು ನಮ್ಮದು. ಇದು ನಮ್ಮ ನೆಗೆಣ್ಣಿದು. ತಲಿ ವಾರಿ ಆಗೇತಿ ನೋಡು, ಅಕಿ ಗಂಡ ಒಟ್ಟಿದ್ದು. ಹೆಂಗ ಒಟ್ಟ್ಯಾನ ಅಂತ ನಾ ಅವತ್ತ ಹೇಳಿದ್ದೆ, ಯಾರೂ ಕೇಳ್ಲಿಲ್ಲ. ಮಶಿನ್ನಿಗೆ ಸೈತ ಗೊತ್ತಾಗೇತಿ.”

ಒಳಗಿನಿಂದ ಅತ್ತೆ, “ಯಾರ ಬಣವಿ ಬಿತ್ತಬೇ?” ಎಂದರು.

“ಯಾರದೂ ಬಿದ್ದಿಲ್ಲತ್ತಿ, ಸುಮ್ನಿರ್ರಿ.”

ನಾನು ಸರ್‌ಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ. ಅವರು ಯಾವ ಓಣಿ, ಎಷ್ಟು ಮನೆ ಎಂದು ಕೇಳಿದರು. ಆಮೇಲೆ, “ಒಂದ ಓಣಿ ಅಲ್ಲೇನ್ರಿ? ಪೆನ್ನಿನಿಂದ ಕಪ್ಪಗ ಮಾಡಿ ಕೊಟ್ಟು ಬಂದ್ಬಿಡ್ರಿ. ಮತ್ತ ಛಾಪಿಸೂದಂದ್ರ ಮಳಿಗಾಲ ಬರತೈತಿ,” ಎಂದರು.

“ಒಂದ ಓಣಿ ಅಲ್ರಿ ಸರ್. ಈ ಊರಾಗ ಇಂಥಾ ಎಷ್ಟು ಜಾಗ ಅದಾವೋ ನನಗ ಗೊತ್ತಿಲ್ಲ. ಇಲ್ಲಿ ತಡದ ನೀರು ಇನ್ನೊಂದ್ ಓಣಿಗೆ ಹೋದಂಗ ತೋರಿಸೇತಿ. ಆ ಓಣಿನೂ ತಪ್ಪ. ಹಾಳಿ ವಾಪಸ್ ತಗೋತೀನ್ರಿ.”

“ಜನರ ಮುಂದ ಹೆಂಗ ಹೇಳ್ತೀರಿ?”

“ಹೇಳ್ತೀನ್ರಿ.”

ನಾಲ್ಕು ಜನರ ನಡುವೆ ಮಾತಾಡುವುದು ನನಗೆ ಇಷ್ಟದ ಕೆಲಸವಲ್ಲ. ಸಭೆಯಲ್ಲಿ ನಾನು ತೋರಿಸುತ್ತೇನೆ, ಮಾತನ್ನು ಚಿತ್ರಕ್ಕೆ ಬಿಡುತ್ತೇನೆ. ಅವತ್ತು ಹಾಗೆ ಬಿಡುವುದಕ್ಕೆ ಚಿತ್ರವಿರಲಿಲ್ಲ. ಶಾಲೆಗೆ ಮರಳಿ ಹೋಗಿ, ಬಾಗಿಲ ಬಳಿಯೇ ನಿಂತು ಹೇಳಿದೆ: “ಈ ನಕ್ಷಿ ತಪ್ಪೈತ್ರಿ. ಎಲ್ಲಾರೂ ಹಾಳಿ ತಿರುಗಿ ಕೊಡ್ರಿ. ಹದಿನೈದ್ ದಿನದಾಗ ಸರಿ ಮಾಡಿ ತರ್ತೀನಿ. ಅಲ್ಲೀಮಟ ಪಟ್ಟಿ ಬರೀಬ್ಯಾಡ್ರಿ.”

ಮೆಂಬರು ಪೆನ್ನು ಕೆಳಗಿಟ್ಟರು. “ಹಂಗಾರ ಕಂಪ್ಯೂಟರ್ ಸುಳ್ಳ ಹೇಳ್ತೈತೇನ್ರಿ ಬಾಯಾರ?”

“ಇಲ್ರಿ. ಕಂಪ್ಯೂಟರ್ ಬಣವಿ ಅಂತಾನ ಹೇಳಿತ್ತು. ಅದನ್ನ ದಿಬ್ಬ ಮಾಡಿದಾಕಿ ನಾನು.”

ಯಾರೋ ನಕ್ಕರು. ಬಂಡೆಯ ಮಾತು ತೆಗೆದಿದ್ದ ಮುದುಕರು ನಗಲಿಲ್ಲ. ಎದ್ದು ಬಂದು ಮೊದಲು ತಮ್ಮ ಹಾಳೆ ತಿರುಗಿ ಕೊಟ್ಟರು. ಮಡಿಕೆ ಬಿಡಿಸಿ, ಅಂಗೈಯಿಂದ ಸಪಾಟು ಮಾಡಿ ಕೊಟ್ಟರು.

ಆ ಹದಿನೈದು ದಿನ ನಾನು ಕೆಲಸ ಮಾಡಿದ ರೀತಿಯೇ ಬೇರೆ. ಇಡೀ ಊರನ್ನು ಒಂದೇ ಹದದಲ್ಲಿ ನಯ ಮಾಡುವುದನ್ನು ಬಿಟ್ಟೆ. ಸಪಾಟಾದ ಹೊಲಗಳಲ್ಲಿ ದೊಡ್ಡ ಚೌಕ ಸಾಕು. ಎತ್ತರ ತಟ್ಟನೆ ಬದಲಾಗುವಲ್ಲಿ, ಓಣಿಗಳಲ್ಲಿ, ದಂಡೆಯ ತುದಿಯಲ್ಲಿ ಚೌಕ ತನ್ನಷ್ಟಕ್ಕೆ ಒಡೆದು ನಾಲ್ಕಾಗಬೇಕು, ಆ ನಾಲ್ಕು ಮತ್ತೆ ಒಡೆಯಬೇಕು. ಒಟ್ಟು ಭಾರ ಮೊದಲಿನಷ್ಟೇ, ಆದರೆ ಅದು ಬೇಕಾದ ಕಡೆ ಕೂಡಿಕೊಂಡಿತು. ಮಗ್ಗದ ಪಕ್ಕ ಕುಳಿತೇ ಇದನ್ನು ಬರೆದೆ. ಸೀರೆಯ ಮೈಯಲ್ಲಿ ಅಪ್ಪನ ಲಾಳಿ ಒಂದೇ ಲಯದಲ್ಲಿ ಓಡುತ್ತದೆ, ಸೆರಗು ಬಂದಾಗ ಕೈ ನಿಧಾನವಾಗುತ್ತದೆ. ಆ ಸಪ್ಪಳದ ಬದಲಾವಣೆಯನ್ನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ.

ಬಣವಿಗಳನ್ನು ಗುರುತಿಸಲು ಹೊಳೆಯ ಕಡೆಯ ಎಲ್ಲ ಹಿತ್ತಲುಗಳ ಮೂಲ ಚುಕ್ಕೆಗಳನ್ನು ತೆರೆದು, ಒಂದೊಂದೇ ಚಿತ್ರ ತೆಗೆದು, ಆ ಅಕ್ಕನಿಗೆ ಫೋನಿನಲ್ಲಿ ಕಳಿಸುತ್ತಿದ್ದೆ. ಅವಳು ಊರಿನ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಉತ್ತರವನ್ನು ಧ್ವನಿಯಲ್ಲಿ ಕಳಿಸುತ್ತಿದ್ದಳು. ‘ಇದು ಬಣವಿ. ಇದು ತಿಪ್ಪಿ, ಇದನ್ನ ತಗೀಬ್ಯಾಡ, ಯಾವಾಗ್ಲೂ ಇರತೈತಿ.’ ‘ಇದು ಖರೆ ದಿಬ್ಬ ನೋಡವ್ವಾ, ಇದಕ್ಕ ಏನೂ ಮಾಡಬ್ಯಾಡ.’ ಒಮ್ಮೆ ಹಿಂದಿನಿಂದ ಜೋರು ನಗೆ, ಆಮೇಲೆ: ‘ಇದು ಮೆಂಬರನ ಮುರುಕ ಟ್ರ್ಯಾಕ್ಟರ್. ಮೂರ್ ವರ್ಷದಿಂದ ಅಲ್ಲೇ ನಿಂತೈತಿ. ಇದನ್ನ ದಿಬ್ಬ ಅಂತಾನ ಹಿಡಿ.’

ಬಣವಿಗಳನ್ನು ತೆಗೆದು, ಅವುಗಳ ಕೆಳಗಿನ ನೆಲವನ್ನು ಸುತ್ತಲಿನ ನೆಲದಿಂದ ಅಂದಾಜಿಸಿ, ನೀರಿನ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಿಸಿದೆ. ಅಂದಾಜಿಸಿದ ನೆಲ ಅಂದಾಜೇ. ಅದನ್ನು ಅಳೆದ ನೆಲದಂತೆ ತೋರಿಸಲು ಈ ಸಲ ಮನಸ್ಸು ಒಪ್ಪಲಿಲ್ಲ. ಅಂಥ ಕಡೆ ಛಾಯೆಯ ಮೇಲೆ ಓರೆ ಗೀರುಗಳನ್ನು ಹಾಕಿದೆ. ನೆರಳನ್ನು ತೆಗೆದೇಬಿಟ್ಟೆ.

ಚಾಚಾ ಹೊಸ ಹಾಳೆ ನೋಡಿ, “ಈ ಗೀರು ಯಾಕ್ ಬೇಟಿ? ಮೊದಲಿಂದು ಚಂದ ಇತ್ತು,” ಎಂದರು.

“ಗೀರು ಇದ್ದಲ್ಲೆ ನನಗ ಪಕ್ಕಾ ಗೊತ್ತಿಲ್ರಿ ಚಾಚಾ.”

“ಗೊತ್ತಿಲ್ಲ ಅಂತ ಛಾಪಸಾಕ ಬಂದಾವ್ರನ್ನ ನಾ ಇದ ಮೊದಲ ನೋಡಿದ್ದು,” ಎಂದು ಮಶಿನ್ ಚಾಲೂ ಮಾಡಿದರು. ಗೀರುಗಳು ಹರಿಯದೆ ಮೂಡಬೇಕೆಂದು ಮಸಿಯನ್ನು ಎರಡು ಸಲ ತಿದ್ದಿಕೊಂಡರು.

ಎರಡನೇ ಸಲ ಕೊರ್ಲಹಳ್ಳಿಗೆ ಹೋದಾಗ ಪ್ರೊಜೆಕ್ಟರು ಒಯ್ಯಲಿಲ್ಲ. ಶಾಲೆಯ ನೆಲದ ಮೇಲೆ ದೊಡ್ಡ ಹಾಳೆ ಹಾಸಿದೆ. ಎಲ್ಲರೂ ಸುತ್ತ ಕುಳಿತರು. ಅಕ್ಕನ ಓಣಿಯ ಎಂಟು ಮನೆಗಳು ಈಗ ಮೊಣಕಾಲಿನ ಛಾಯೆಯಲ್ಲಿದ್ದವು, ಮೇಲೆ ಗೀರು. ಮೊದಲು ಕಪ್ಪಗಿದ್ದ ಪಕ್ಕದ ಓಣಿ ತಿಳಿಯಾಗಿತ್ತು. ಅಲ್ಲಿಯ ಗೃಹಸ್ಥರೊಬ್ಬರು, “ಹದಿನೈದ್ ದಿನದಾಗ ನಮ್ಮ ಮನಿ ಎತ್ತರ ಆತಲ್ರಿ!” ಎಂದರು. ಅಕ್ಕ ತನ್ನ ಮನೆಯ ಮೇಲೆ ಬೆರಳಿಟ್ಟು, ಅಂಚಿನ ಹೆಂಗಸಿನ ಚಿತ್ರದ ಜೊತೆ ಹೋಲಿಸಿ, ನನ್ನನ್ನು ಕೇಳಿದಳು: “ಅಂದ್ರ ನಮ್ಮ ಬಾಗಲ ಮುಂದ ಎಷ್ಟು?”

“ಮೂರನೇ ಮೆಟ್ಟಲಾ,” ಎಂದೆ.

ಮೆಂಬರು ಮೊದಲ ಟ್ರ್ಯಾಕ್ಟರಿನ ಪಟ್ಟಿಯಲ್ಲಿ ಅವಳ ಅತ್ತೆಯ ಹೆಸರು ಬರೆದರು. ಆಕೆ ಅವರ ಭುಜದ ಬಳಿ ನಿಂತು, ಬರೆದು ಮುಗಿಯುವವರೆಗೂ ನೋಡಿದಳು.

ಆಗಸ್ಟಿನಲ್ಲಿ ನೀರು ಬಂತು. ಒಂದು ಮಧ್ಯಾಹ್ನ ನಾನು ಲ್ಯಾಬಿನಲ್ಲಿದ್ದಾಗ ಅವಳ ಫೋನು. ಹಿಂದೆ ಮಕ್ಕಳ ಗದ್ದಲ, ಪಾತ್ರೆಗಳ ಸದ್ದು.

“ಎಲ್ಲಿ ಅದೀರಿ ಅಕ್ಕಾ?”

“ಶಾಲ್ಯಾಗ. ಮುಂಜಾನೇನ ಟ್ರ್ಯಾಕ್ಟರ್ ಬಂತು, ಅತ್ತಿನ್ನ ಹೊರಸು ಸಮೇತ ಏರಿಸಿದ್ವಿ. ಇಲ್ಲಿ ಕುಂತು ಚಾದಾಗ ಸಕ್ರಿ ಇಲ್ಲಂತ ಎಲ್ಲಾರಿಗೂ ಬೈಯಾಕತ್ತಾಳ.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ನಾವು ಓಣಿ ದಾಟಿದ್ವಿ, ಹಿಂದ ಹಿತ್ತಲದಿಂದ ನೀರು ಬಂತು. ಎರಡನೇ ಸರ್ತಿ ಟ್ರ್ಯಾಕ್ಟರ್ ಬರೂದ್ರಾಗ ಓಣ್ಯಾಗ ಇಳ್ಯಾಕ ಆಗತಿದ್ದಿಲ್ಲ.”

ನಾನು ಆ ಓಣಿಯ ಕಡತ ತೆರೆದೆ. ಅವಳು ಮುಂದುವರಿಸಿದಳು.

“ಆದ್ರ ಒಂದು ಹೇಳ್ತೀನಿ ಕೇಳು. ನೀ ಮೂರನೇ ಮೆಟ್ಟಲಾ ಅಂದಿದ್ದಿ. ನಮ್ಮ ಭಾವ ಹೋಗಿ ನೋಡಿ ಬಂದಾನ. ನೀರು ಎರಡನೇ ಮೆಟ್ಟಲಕ್ಕ ನಿಂತೈತಿ. ಒಂದು ತಪ್ಪಿದಿ.”

“ಎರಡನೇ ಮೆಟ್ಟಲಿನ ಮ್ಯಾಲಿನ ಅಂಚೋ, ಕೆಳಗಿನ ಅಂಚೋ?”

“ಅಯ್ಯ! ಈಗ ನಾ ನೀರಾಗ ಇಳದು ನೋಡ್ಲೇನು?”

“ಬ್ಯಾಡ್ರಿ, ಬ್ಯಾಡ್ರಿ. ನೀರು ಇಳದ ಮ್ಯಾಲೆ ಗ್ವಾಡಿಗೆ ಕಸ ಹತ್ತಿರತೈತಲ್ಲ, ಅಲ್ಲಿ ಒಂದ್ ಗೀರು ಎಳದು ಫೋಟೋ ಕಳಸ್ರಿ. ಪಕ್ಕಕ್ಕ ಕೈ ಇಡ್ರಿ, ಅಳತಿ ತಿಳೀತೈತಿ.”

ನಾಲ್ಕು ದಿನಗಳ ಮೇಲೆ ಫೋಟೋ ಬಂತು. ಮಣ್ಣು ಮೆತ್ತಿದ ಮೆಟ್ಟಿಲು, ಗೋಡೆಯ ಮೇಲೆ ಇದ್ದಿಲಿನ ಗೀರು, ಗೀರಿಗೆ ಅಂಟಿದ ಒಂದು ಜೋಳದ ದಂಟು, ಪಕ್ಕದಲ್ಲಿ ಹಸಿರು ಬಳೆಯ ಕೈ. ಎರಡನೇ ಮೆಟ್ಟಿಲಿನ ಮೇಲಿನ ಅಂಚಿಗಿಂತ ನಾಲ್ಕು ಬೆರಳು ಕೆಳಗೆ. ಅಷ್ಟನ್ನು ಆ ಓಣಿಯ ಕಡತದಲ್ಲಿ ಬರೆದು, ಎಂಟು ಮನೆಗಳ ಮೇಲಿನ ಗೀರುಗಳಲ್ಲಿ ಅವಳ ಮನೆಯದನ್ನು ಅಳಿಸಿದೆ. ಉಳಿದ ಏಳು ಮನೆಗಳ ಗೋಡೆಯ ಫೋಟೋ ಕಳಿಸಲು ಅವಳಿಗೆ ಹೇಳಿದೆ.

‘ನೆಗೆಣ್ಣಿ ಮನೀದು ನಾಳೆ,’ ಎಂದು ಉತ್ತರ ಬಂತು. ‘ಅಕಿ ಗ್ವಾಡಿ ತೊಳದ ಬಿಡತಾಳ, ಜಲ್ದಿ ಬೇಕಂದ್ರ ಈಗ ಹೋಗ್ತೀನಿ.’